ಎರಡು ಸೊನ್ನೆ

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಆಲೂಗಡ್ಡೆ ಮಂಡಿಯ ಮೇಲೆ
ನಮ್ಮ ಡಿಟಿಪಿ ಅಂಗಡಿ.
ಕೆಳಗೆ ಬಿತ್ತನೆ ಬೀಜ, ಮೇಲೆ ಬೀಜಗಣಿತ.
ಮೂಟೆ ಇಳಿದಾಗೆಲ್ಲ ಮಾನಿಟರು ನಡುಗುತ್ತದೆ.
ಮದುವೆ ಕಾಗದ, ತಿಥಿ ಕಾರ್ಡು, ಹಾಲಿನ ಸೊಸೈಟಿಯ ವರದಿ,
ಇವಕ್ಕೆಲ್ಲ ಒಂದು ಫಾಂಟು ಸಾಕು.
ಸಿಂಗ್ರಿಗೌಡ ಮೇಷ್ಟ್ರ ಪುಸ್ತಕಕ್ಕೆ ಎರಡು:
ಮಾತಿಗೊಂದು, ಲೆಕ್ಕಕ್ಕೊಂದು.

ಮಾತಿನದು ಹೇಳಿದ ಕಡೆ ಬಂದು ಕೂತಿತು.
ಲೆಕ್ಕದ್ದಕ್ಕೆ ಕನ್ನಡ ಬಾರದು.
ಎರಡು ಡಾಲರ್ ಗುರುತಿನ ನಡುವೆ
ದೂರವನ್ನು ಕಾಲದಿಂದ ಭಾಗಿಸಿದರೆ
ದೂರವೂ ಇಲ್ಲ, ಕಾಲವೂ ಇಲ್ಲ,
ಬರೀ ಒಂದು ಗೀಟು,
ಕೊನೇ ಬಸ್ಸು ಹೋದ ಮೇಲಿನ ಕಲ್ಲುಬೆಂಚು.
ಲಾಗ್ ಫೈಲಿನಲ್ಲಿ ನಾನೂರು ಸಾಲು, ಒಂದೇ ರಾಗ:
ಈ ಅಕ್ಷರ ಈ ಫಾಂಟಿನಲ್ಲಿಲ್ಲ. ಈ ಅಕ್ಷರ ಈ ಫಾಂಟಿನಲ್ಲಿಲ್ಲ.

‘ಎಕ್ಸು, ವೈ ಹಾಕಲಾ ಸಾರ್?’
ಮೇಷ್ಟ್ರು ಟೀ ಲೋಟ ಕೆಳಗಿಟ್ಟರು.
‘ಎಕ್ಸ್ ಅಂದ್ರೆ ಹೈಕಳು ಹೆದರ್ತವೆ, ಕ ಅಂದ್ರೆ ಹೆದರಲ್ಲ.
ಕ ವರ್ಗ ಕೂಡಿಸು ಖ ವರ್ಗ. ಹಾಕಮ್ಮ.’
ಕ ವರ್ಗ ಅಂದರೆ ನನಗೆ ಕ ಖ ಗ ಘ ಙ.
ಅವರಿಗೆ ಕ ಇಂಟು ಕ.

ಲೆಕ್ಕದ ಫಾಂಟಿಗೆ ಹೇಳಿದೆ:
ಗುರುತು, ಕಂಸ, ಕರಣಿ ನಿನ್ನವು.
ಕನ್ನಡ ಬಂದಾಗ ಮಾತ್ರ ಪಕ್ಕದ ಮನೆಯಿಂದ ಕಡ ತಗೋ.
ತಗೊಂಡಿತು. ಅಳತೆ ಕೂಡಲಿಲ್ಲ.
ಕಂಸದೊಳಗೆ ನಮ್ಮ ಕ
ತಮ್ಮನ ಅಂಗಿಗೆ ನುಗ್ಗಿದ ಅಣ್ಣನ ಹಾಗೆ.
ನೂರಕ್ಕೆ ತೊಂಬತ್ತೈದು. ಎಂಬತ್ತೊಂಬತ್ತು. ತೊಂಬತ್ತೆರಡು.
ತೊಂಬತ್ತೆರಡಕ್ಕೆ ತಲಕಟ್ಟು ಕಂಸದ ಹೆಗಲಿಗಿಂತ ಕೆಳಗಿಳಿಯಿತು.

ಒತ್ತಕ್ಷರದ ತಕರಾರು ಬೇರೆ.
ಗೀಟಿನ ಮೇಲೆ ‘ಒಟ್ಟು’ ಕೂರಿಸಿದರೆ
ಟ-ಒತ್ತು ಕಾಲು ಇಳಿಬಿಟ್ಟು
ಕೆಳಗಿನವರ ತಲೆಗೆ ತಾಗಿಸುತ್ತದೆ.
ಲೆಕ್ಕದಲ್ಲಿ ಕೆಳಗೆ ಕೂತದ್ದು
ತಾನು ಎಷ್ಟನೆಯವನೆಂದು ಹೇಳಿ ಸುಮ್ಮನಾಗುತ್ತದೆ.
ಕನ್ನಡದಲ್ಲಿ ಕೆಳಗೆ ಕೂತದ್ದಕ್ಕೂ ದನಿ ಇದೆ,
ಜಾಗ ಕೊಡಬೇಕು.
ಗೀಟನ್ನು ಎರಡು ಪಾಯಿಂಟು ಇಳಿಸಿದೆ.

ಮೂರನೇ ದಿನ ಸೊನ್ನೆಗಳು ಕೈಕೊಟ್ಟವು.

ಹಳೇ ಆವೃತ್ತಿ ಫಿಲೋಮಿನಕ್ಕ ಇದೇ ಕುರ್ಚಿಯಲ್ಲಿ ಕೂತು ಕುಟ್ಟಿದ್ದು.
ಹತ್ತು, ನೂರು, ಸಾವಿರ ಕನ್ನಡದ ಅಂಕಿಯಲ್ಲೇ,
ಕಾಗದದ ಮೇಲೆ ನೆಟ್ಟಗಿದ್ದವು.
ಫಾಂಟು ಬದಲಿಸಿದ್ದೇ ತಡ
ಪ್ರತಿ ಸೊನ್ನೆಯ ಪಕ್ಕ ಚುಕ್ಕಿ ಚುಕ್ಕಿಯ ಖಾಲಿ ಬಳೆ,
ನನ್ನನ್ನು ಹೊರುವ ಅಕ್ಷರ ಎಲ್ಲಿ ಎಂದು ಕೇಳುತ್ತ.
ಕೆದಕಿ ನೋಡಿದೆ. ಅಂಕಿಯ ಸೊನ್ನೆಯೇ ಅಲ್ಲ ಅವು.
ಅಂ ಅನ್ನುವಾಗಿನ ಸೊನ್ನೆ.
ಕಣ್ಣಿಗೆ ಒಂದೇ, ಮನೆ ನಂಬರು ಬೇರೆ.
ಒಂದು, ತುಟಿ ಮುಚ್ಚಿದ ದನಿ.
ಇನ್ನೊಂದಕ್ಕೆ ದನಿಯೇ ಇಲ್ಲ.

ಫೋನು ಮಾಡಿದರೆ ಫಿಲೋಮಿನಕ್ಕ ನಕ್ಕರು:
‘ಆ ಕೀಬೋರ್ಡಲ್ಲಿ ಸೊನ್ನೆ ಕೀಲಿ ಕಿತ್ತೋಗಿತ್ತು ಕಣೇ.
ಓನರ್ರು ಹೊಸದು ತರಲಿಲ್ಲ.
ಇನ್ನೊಂದು ಸೊನ್ನೆ ಇತ್ತಲ್ಲ, ಹಾಕ್ಕೊಂಡು ಹೋದೆ.
ಹನ್ನೊಂದು ವರ್ಷ ಯಾರೂ ಕೇಳಲಿಲ್ಲ, ನೋಡು.’

ನಾನೇನು ಕಮ್ಮಿ?
ಅವಸರಕ್ಕೆ ‘ಎಲ್ಲ ಬದಲಿಸು’ ಒತ್ತಿದೆ.
ನೂರು ಸರಿಹೋಯಿತು, ಸಾವಿರ ಸರಿಹೋಯಿತು.
ಜೊತೆಗೆ ಅಂಕ, ಕಂಸ, ಸಂಖ್ಯೆ,
ಎಲ್ಲದರ ಹೊಟ್ಟೆಯೊಳಗೂ ಮೂಕ ಸೊನ್ನೆ.
ಸಂಖ್ಯೆ ಎಂದು ಹುಡುಕಿದೆ.
ಸಿಗಲಿಲ್ಲ ಅಂದಿತು,
ಪುಟದ ತುಂಬ ಅದೇ ಇತ್ತು.
ಎಲ್ಲ ಹಿಂದಕ್ಕೆ ತಂದು, ಅಂಕಿಯ ಬೆನ್ನಿಗೆ ನಿಂತವನ್ನಷ್ಟೇ
ಒಂದೊಂದಾಗಿ ತಿದ್ದುವಾಗ ಮಂಡಿಯ ದೀಪ ಹತ್ತಿತ್ತು.
ಎರಡು ಸಾವಿರದ ಇನ್ನೂರ ಆರು.

ಮೇಷ್ಟ್ರು ಹಳೇ ಪುಟ, ಹೊಸ ಪುಟ ಜೋಡಿಸಿ ಬೆಳಕಿಗೆ ಹಿಡಿದರು.
‘ಏನು ಬದಲಾಯ್ತಮ್ಮ?’
‘ಕಾಣಲ್ಲ ಸಾರ್.’
‘ಮತ್ತೆ ದುಡ್ಡು?’

ಬಿಲ್ಲಿನಲ್ಲಿ ಬರೆದೆ: ಸೊನ್ನೆ ತಿದ್ದಿದ ಬಾಬ್ತು.
ಮುಂದಿನ ಕಾಲಮ್ಮಿಗೆ ಪೆನ್ನು ಊರಿ ಕೂತೆ.
ಕೆಳಗೆ ಲಾರಿಯಿಂದ ಮೂಟೆ ಇಳಿಯುತ್ತಿತ್ತು,
ಯಾರೋ ಗಟ್ಟಿಯಾಗಿ ಎಣಿಸುತ್ತಿದ್ದರು,
ಏಳು, ಎಂಟು, ಒಂಬತ್ತು