ಹತ್ತೊಂಬತ್ತು ತುಂಡು

ಇಂಜಿನಿಯರ್ ಸ್ಪ್ಯಾನಿಷಿನಲ್ಲಿ ಕೇಳುತ್ತಾನೆ,
ಅತ್ತೆ ಫೆರ್ಮೀನಾ ಕೆಚುವಾದಲ್ಲಿ ಹೇಳುತ್ತಾಳೆ,
ನಡುವೆ ನಾನು, ದಿನಗೂಲಿಯ ನಾಲಗೆ.

"ಹೊಲ ಎಷ್ಟು?"
"ಹತ್ತೊಂಬತ್ತು."
"ಒಟ್ಟು ಮಾಡಿದರೆ?"
"ಒಂದೂವರೆ ಹೆಕ್ಟೇರೂ ಆಗದು."
ಪೆನ್ಸಿಲ್ ಕಚ್ಚಿದ. ಒಂದು ಹೊಲ ಇಲ್ಲಿ, ಒಂದು
ಎರಡು ತಾಸು ಏರಿದ ಮೇಲೆ, ಮತ್ತೊಂದು
ಬಂಡೆ ಎರಡರ ಸಂದಿಯಲ್ಲಿ, ಕಂಬಳಿಯಷ್ಟೇ ಅಗಲ.
ಎಲ್ಲ ಒಂದೇ ಕಡೆ ಏಕಿಲ್ಲ, ಕೇಳು, ಎಂದ.
ನಾನು ಕೇಳಲಿಲ್ಲ. ಮೊದಲು ಕೊರೆಯಲಿ.

ಕೊರೆದ. ಉಕ್ಕಿನ ಕೊಳವೆ ತಿರುವಿ ತಿರುವಿ
ತಗ್ಗಿನ ಬಯಲಲ್ಲಿ, ಮೊಣಕೈ ಆಳಕ್ಕೆ.
ಎದ್ದು ಬಂತು ಕಪ್ಪು:
ಬಾಣಲೆಯ ತಳದ ಕಪ್ಪಲ್ಲ, ಈಗಷ್ಟೇ ಈದ ಲಾಮಾದ ಕಣ್ಣಿನ
ಒದ್ದೆ ಕಪ್ಪು. ಹಿಂಡಿದರೆ ನೀರು, ಮೂಸಿದರೆ ಹಳೆಯ ಬೇರು.
ಬಣ್ಣದ ಪುಸ್ತಕದ ಕಿಂಡಿಗೆ ಹಿಡಿದು ನೋಡಿ
ಸಂಖ್ಯೆಯೊಂದ ಬರೆದು ಮುಖ ಅರಳಿಸಿದ.
"ಕಣಿವೆಗೇ ಉತ್ತಮ ಮಣ್ಣು! ಇದರಲ್ಲಿ ಏನು ಬಿತ್ತುತ್ತೀರಿ?"

ಅತ್ತೆ ನಕ್ಕಳು. ಹಲ್ಲಿಲ್ಲದ ಕಡೆ ಕೋಕಾ ಎಲೆ ಕಂಡಿತು.
"ಏನೂ ಇಲ್ಲ."

ಆಮೇಲೆ ಅವಳಂದದ್ದು, ನನ್ನ ಕೈಲಾದಷ್ಟು:
ಚಳಿಗೂ ಕಾಲಿದೆಯಪ್ಪ. ನಡುರಾತ್ರಿ ಹಿಮದ ಕೋಡಿನಿಂದ
ನೀರಿಳಿದ ಹಾಗೆ ಇಳಿಯುತ್ತದೆ, ಇಳಿಜಾರಲ್ಲಿ ಎಲ್ಲೂ ಕೂರದೆ
ತಗ್ಗಿಗೆ ಬಂದು ಮಲಗುತ್ತದೆ ಬೆಳಗಿನವರೆಗೆ.
ಆ ಕಪ್ಪು ಅದರ ಹಾಸಿಗೆ.
ಮೇಲೆ ನೋಡು, ಆ ಗರಸು ದಿಬ್ಬ, ಕಲ್ಲೇ ಹೆಚ್ಚು.
ಹಗಲೆಲ್ಲ ಬಿಸಿಲು ಕುಡಿದ ಕಲ್ಲು ರಾತ್ರಿ
ಗೆಡ್ಡೆಯ ಮಗ್ಗುಲಲ್ಲಿ ಕೂತಿರುತ್ತದೆ, ಬಾಣಂತಿಯ ಪಕ್ಕದ ಕೆಂಡ.
ಕಲ್ಲು ಆಯಬೇಡ ಅಂತ ಗಂಡನಿಗೆ ಹೇಳಿದ್ದೆ.
ಆಯ್ದ. ಆ ವರ್ಷ ಉಪವಾಸ.
ಹತ್ತೊಂಬತ್ತರಲ್ಲಿ ಹನ್ನೊಂದು ಸತ್ತರೂ ಎಂಟು ಉಣಿಸುತ್ತವೆ.
ಒಂದೇ ಇದ್ದರೆ
ಸಾವೂ ಒಂದೇ.

"ಸರಿ, ಆ ಏಳು ಯಾಕೆ ಬೀಳು ಬಿಟ್ಟಿದ್ದು?"
"ಸುಸ್ತಾಗಿವೆ" ಎಂದಳು.
ಸಾರಜನಕ ಕಡಿಮೆ, ಎಂದೆ ನಾನು. ಹಾಗೇ ಬರೆದುಕೊಂಡ.
ಅವಳ ಮಾತು ಬೇರೆಯಿತ್ತು: ಹೊರೆ ಹೊತ್ತು ಏರಿ ಬಂದವಳು
ಗೋಡೆಗೊರಗಿ ಕೂತಾಗ, ಯಾರೂ ಹೆಸರು ಹಿಡಿದು
ಕೂಗಬಾರದ ಹೊತ್ತಿನ ಸುಸ್ತು.
ಅದನ್ನು ಯಾವ ಕಾಲಮ್ಮಿಗೆ ಹಾಕಲಿ.

ಜೂನ್ ತಿಂಗಳು. ಅವನು ನಮ್ಮಲ್ಲೇ ಉಳಿದ.
ಸಂಜೆ, ಉತ್ತಮ ಮಣ್ಣಿನ ಒಣ ಹುಲ್ಲಿನ ಮೇಲೆ
ಕಹಿ ಆಲೂಗಡ್ಡೆ ಹರವಿದೆವು, ಗೋಲಿಯಷ್ಟು, ಮೊಟ್ಟೆಯಷ್ಟು.
ಮೂರು ರಾತ್ರಿ ಚಳಿ ಬಂದು ಅವುಗಳ ಮೇಲೆ ಮಲಗಿತು.
ಕಲ್ಲಾದವು; ಬಿಸಿಲಿಗೆ ಮೆತ್ತಗಾದವು; ತುಳಿದು ನೀರು ಬಿಡಿಸಿದೆವು.
ಅವನೂ ಬೂಟು ಕಳಚಿ ಇಳಿದ, ಅಯ್ಯೋ ಎಂದು ಕುಣಿದ,
ಆನಾಕ್ಲೇತೋ ಮಾವನ ಮಕ್ಕಳು ಬಿದ್ದು ಬಿದ್ದು ನಕ್ಕರು.
ಹೀಗೆ ಒಣಗಿದ್ದು ಹತ್ತು ವರ್ಷ ಕೆಡದು.
"ಈಗ ಹೇಳು ಅವನಿಗೆ" ಎಂದಳು ಅತ್ತೆ,
"ಇಲ್ಲಿ ನಾವು ಬೆಳೆಯುವುದು ಚಳಿಯನ್ನ."

ಮರುವರ್ಷ ನಕ್ಷೆ ಬಂತು, ಸುರುಳಿ ಸುತ್ತಿ, ಮೊಹರು ಹಾಕಿ.
ತಗ್ಗಿಗೆ ಕಡುಹಸಿರು: ಅತ್ಯುತ್ತಮ. ದಿಬ್ಬಕ್ಕೆ ಬೂದಿ: ಅನುಪಯುಕ್ತ.
ಅಂಚಿನಲ್ಲಿ ಮಾತ್ರ, ಪೆನ್ಸಿಲಿನಲ್ಲಿ, ಅವನ ಕೈಬರಹ,
ನಾಚಿಕೊಂಡಷ್ಟು ಸಣ್ಣದಾಗಿ: ಚಳಿಯನ್ನು ಕೇಳಿ.

ಪಂಚಾಯ್ತಿ ಗೋಡೆಗೆ ಅಂಟಿಸಿದೆವು. ಮಳೆಗಾಲಕ್ಕೆ ಥಂಡಿ ಹತ್ತಿತು,
ಹತ್ತಿದ್ದು ತಗ್ಗಿನ ಹಸಿರಿನಿಂದಲೇ.
ಅತ್ತೆ ಅದನ್ನು ನೋಡಲೂ ಇಲ್ಲ.
ಕಾಲುನೇಗಿಲ ಹಿಡಿಗೆ ಹೊಸ ತೊಗಲು ಬಿಗಿಯುತ್ತ ಕೇಳಿದಳು,
ಯಾವುದು ಸುಸ್ತಾರಿ ಎದ್ದಿದೆಯೋ ಈ ಸಲ?