ಏಳು ಹೆಜ್ಜಿ ಗಿಡ್ಡ ಜೋಳ

ಸಾರವಾಡದಾಚೆ, ಡೋಣಿ ದಂಡಿ.
ಉತ್ತರಿ ಮಳಿ ಹದ ಬಿಟ್ಟು ಹೋದ ನಾಕನೇ ದಿನ
ಗುರಪಾದ ಕೂರಿಗಿ ಹೂಡಿದ.
ಜೋಳದ ಬಟ್ಟಲಕ್ಕ ಮಾಲನಬಿ,
ಗೊಬ್ಬರದ ಬಟ್ಟಲಕ್ಕ ನಾನು.

ಹೋದೊರ್ಷ ಎರಡೂ ಒಂದ ಬಟ್ಟಲಾಗ ಕಲಸಿ ಬಿಟ್ಟಿದ್ದಿವಿ.
ಕಾಳು ಸುಟ್ಟು, ಸಾಲು
ಹಲ್ಲು ಉದುರಿದ ಬಾಯಿ ಆಗಿತ್ತು.
ಅವತ್ತಿನಿಂದ ಗುರಪಾದನ ಮಾತು ಒಂದೇ:
ಕಾಳಿನ ಬಗಲಾಗ ಎರಡು ಬೆರಳು, ಕೆಳಗ ಎರಡು ಬೆರಳು.
ಬೀಗರ ಮನಿ ಇದ್ದಂಗ ಇರಬೇಕು ನೋಡ್ರಿ,
ಕೂಗಿದ್ರ ಕೇಳಬೇಕು,
ಒಲಿ ಹೊಗಿ ಮುಟ್ಟಬಾರದು.

ನನಗ ಗೊತ್ತಿದ್ದದ್ದು ಇಷ್ಟು.
ಡಿಎಪಿ ನಮ್ಮತ್ತಿ ಇದ್ದಂಗ,
ಎರಿ ಮಣ್ಣಾಗ ಎಲ್ಲಿ ಕುಂಡ್ರಸಿದ್ರಿ ಅಲ್ಲೇ.
ಆಕಿ ಏಳೂದಿಲ್ಲ. ಬೇರೇ ಎದ್ದು ಹೋಗಿ
ಆಕಿನ್ನ ಮಾತಾಡಸಬೇಕು.
ಯೂರಿಯಾ ನನ್ನ ಮೈದುನ.
ನೀರು ಕಂಡಲ್ಲಿ ಕರಗಿ, ಬಿಸಲು ಕಂಡಲ್ಲಿ ಹಾರಿ,
ಸಂಜಿಕ ಮನ್ಯಾಗ ಅರ್ಧಾನೂ ಉಳಿಯೂದಿಲ್ಲ.

ಬದುವಿನಾಚೆ ಗುರಪಾದನ ತಮ್ಮ ಚನಮಲ್ಲ
ಹೆಗಲಿಗೆ ಜೋಳಿಗಿ ಹಾಕ್ಕೊಂಡು
ಹೊಲದ ತುಂಬ ಚೆಲ್ಲಿದ. ಒಂದ ತಾಸು.
ಖಾಲಿ ಚೀಲ ಗಾಡಿ ಹ್ಯಾಂಡಲ್ಲಿಗೆ ಸಿಗಿಸಿ ಹೋದ.
ಅವನ ಹೊಲದಾಗ ಜೋಳಕ್ಕಿಂತ ಮೊದಲ
ಕರಕಿಗೆ ಮೈ ಬಂತು.

ಹನ್ನೊಂದನೇ ಸುತ್ತಿಗೆ
ಮಾಲನಬಿ ಒಂದು ಮಾತು ಹೇಳಿದಳು.
ಸೆರಗು ಬಾಯಿಗೆ ಒತ್ತಿ ನಕ್ಕೆ, ಬಗ್ಗಿ ನಕ್ಕೆ,
ಹೊಟ್ಟಿ ಹಿಡಕೊಂಡು ನಕ್ಕೆ.
ಎತ್ತು ನಿಲ್ಲಲಿಲ್ಲ.
ಆಕಿ ಬೆರಳ ಸಂದಿಂದ ಜೋಳ ಬೀಳೂದು ನಿಲ್ಲಲಿಲ್ಲ.
ನನ್ನ ಮುಷ್ಟಿ ಮಾತ್ರ ಮುಚ್ಚೇ ಇತ್ತು.
ಹಿಂದ ಕುಂಟಿ ಬಂತು, ಮಣ್ಣು ಎಳೀತು,
ಮುಗೀತು ಅಂತ ತಿಳಕೊಂಡೆ.

ಎಳ್ಳಮಾಸಿ ದಿನ ಬುಟ್ಟಿ ಹೊತ್ತು ಹೊಲಕ್ಕ ಬಂದಿವಿ.
ಎದಿಮಟ ಜೋಳ, ಕಡುಹಸಿರು.
ನಡುವ ಮೂರು ತಾಳಿನ ಅಗಲ, ಏಳು ಹೆಜ್ಜಿ ಉದ್ದ
ಮೊಣಕಾಲಿಗೇ ನಿಂತಿತ್ತು,
ಎಲಿ ಅಂಚಿಗೆ ನೇರಳಿ ಬಣ್ಣ,
ಚಳಿಗೆ ಕಪ್ಪಿಟ್ಟ ಹುಡುಗರ ತುಟಿ ಹಂಗ.

ಗುರಪಾದ ಅಳದ. ಹೆಜ್ಜಿ ಇಟ್ಟು ಎರಡು ಸಲ ಅಳದ.
"ಕೊಳವಿ ಕಟ್ಟಿತ್ತೇನಬೇ ಇಲ್ಲಿ?"
ನಾನು ಮಾಲನಬಿ ಮಾರಿ ನೋಡಿದೆ,
ಆಕಿ ಡೋಣಿ ಕಡೆ ನೋಡಿದಳು.
"ಹೂಂ," ಅಂದೆ. "ಕಟ್ಟಿತ್ತು."

ಆತ ಚರಗ ಚೆಲ್ಲಕೋತ ಮುಂದ ನಡದ,
ಕಡಬಿನ ಚೂರು, ಭಜ್ಜಿ, ಸಜ್ಜಿ ರೊಟ್ಟಿ
ಎಡಕ್ಕ, ಬಲಕ್ಕ, ಆಕಾಶಕ್ಕ.
ಅಮ್ಮಗ ಹಂಗ ಚೆಲ್ಲಬೇಕು, ಆಕಿಗೆ ನೂರು ಕೈ,
ಎಲ್ಲಿ ಬಿದ್ದರೂ ಮುಟ್ಟತೈತಿ.

ನಾನು ಹಿಂದ ಉಳಿದೆ.
ಗಿಡ್ಡ ಜೋಳದ ಮುಂದ ಕುಂತು
ನನ್ನ ಪಾಲಿನ ಕಡಬು ಮುರದೆ.
ಚೆಲ್ಲಲಿಲ್ಲ.
ಬುಡದ ಬಗಲಾಗ ಎರಡು ಬೆರಳು ಬಿಟ್ಟು,
ಎರಡು ಬೆರಳು ಆಳ ಕೆದರಿ,
ಇಟ್ಟು, ಮಣ್ಣು ಎಳದೆ.

ಬೆನ್ನ ಹಿಂದ ಮಾಲನಬಿ
ಅದ ಮಾತು ಮತ್ತ ಹೇಳಿದಳು.