ಸಿ-ಹನ್ನೊಂದು

ಶಿಡ್ಲಘಟ್ಟದಲ್ಲಿ, ಚಿಂತಾಮಣಿ ರಸ್ತೆಯ ಮಗ್ಗುಲಿಗೆ
ಹಾಸ್ಟೆಲೊಂದು ಏಳುತ್ತಿತ್ತು, ಇಪ್ಪತ್ತನಾಲ್ಕು ಕಂಬ.
ನನಗೆ ಇಪ್ಪತ್ತಮೂರು.
ಹೆಲ್ಮೆಟ್ಟು ಹುಬ್ಬಿನ ತನಕ ಜಾರುತ್ತಿತ್ತು. ಬೂಟು ಎಂಟನೇ ನಂಬರು,
"ಹೆಂಗಸರ ಸೈಜು ಸ್ಟೋರಿಗೆ ಬರಲ್ಲ" ಅಂದಿದ್ದರು.
ತುದಿಗೆ ಹಳೇ ದುಪಟ್ಟ ತುರುಕಿ ನಡೆಯುತ್ತಿದ್ದೆ,
ನಾನು ಬರುವ ಮುಂಚೆಯೇ ಬರುತ್ತಿತ್ತು ನನ್ನ ಸದ್ದು.

ಮೇಸ್ತ್ರಿ ವೆಂಕಟರವಣಪ್ಪ ಅದನ್ನು ಕೇಳಿ
ಬೀಡಿ ಆರಿಸದೆ, ಬೆನ್ನು ತಿರುಗಿಸದೆ
"ಪಾಪ ಬಂತು ನೋಡ್ರಪ್ಪಾ" ಅನ್ನುತ್ತಿದ್ದ.
ಮಗು ಅಂತಲೋ, ಅಯ್ಯೋ ಅಂತಲೋ, ಹಿಂದಿನ ಜನ್ಮದ್ದು ಅಂತಲೋ
ಬಿಡಿಸಿ ಹೇಳುತ್ತಿರಲಿಲ್ಲ.

ಸೈಟಿನಲ್ಲಿ ಹೆಂಗಸರಿಗೆಂದು ಒಂದು ಮರೆಯಿರಲಿಲ್ಲ.
ಎದುರಿನ ರೀಲರ್ ಮನೆಯ ನೂರ್‌ಜಾನ್ ಬೀ
ಮೂರನೇ ದಿನವೇ ಕರೆದು ಬಚ್ಚಲ ಚಿಲಕ ತೋರಿಸಿದಳು:
"ಎತ್ತಿ ಹಾಕ್ಬೇಕು ಬೇಟಿ, ಎಳೆದ್ರೆ ಬೀಳಲ್ಲ."
ಕೆಲಸಕ್ಕೆ ಸೇರಿದ ಮೇಲೆ ಸಿಕ್ಕ ಮೊದಲ ತಾಂತ್ರಿಕ ಸಲಹೆ.

ಹನ್ನೊಂದನೇ ಕಂಬದ ಹಲಗೆ ಬಿಚ್ಚಿದ್ದು ಒಂದು ಮಂಗಳವಾರ.
ನಾನು ಬರುವಷ್ಟರಲ್ಲಿ ಬುಡಕ್ಕೆ ಸಿಮೆಂಟ್ ಹಾಲು ಬಳಿದಾಗಿತ್ತು,
ಇನ್ನೂ ಹಸಿ, ಅತಿ ನಯ.
ಅಷ್ಟು ನಯ ಕಂಡರೆ ಅಮ್ಮ ಮೂಗು ಮುರಿಯುತ್ತಾಳೆ.
ಹದಿನಾರು ವರ್ಷ ಫಿಲೇಚರಿನ ಕುದಿನೀರಿಗೆ ಬೆರಳು ಕೊಟ್ಟವಳು,
ಗೂಡನ್ನು ಕಣ್ಣಿಗಲ್ಲ, ಕಿವಿಗೆ ಹಿಡಿದು ಅಲ್ಲಾಡಿಸುವವಳು:
"ಗಿಲಕ್ ಅಂದ್ರೆ ಸೈ.
ಸುಮ್ಮನಿದ್ರೆ ಒಳಗೆ ಕರಗಿದೆ, ಪಕ್ಕಕ್ಕಿಡು."

ಸುತ್ತಿಗೆ ತಗೊಂಡು ಬಡಿದೆ.
ಎದೆಮಟ್ಟದಲ್ಲಿ ಠಣ್. ಸೊಂಟದಲ್ಲಿ ಠಣ್.
ಮೊಳಕಾಲಿಗೆ ಬಂದಾಗ
ಬದ್.
ಇನ್ನೊಮ್ಮೆ. ಬದ್.
ಮೂರನೇ ಪೆಟ್ಟಿಗೆ ಹಕ್ಕಳೆ ಉದುರಿ
ಒಳಗೆ ಬರೀ ಜಲ್ಲಿ, ಜಲ್ಲಿಯ ನಡುವೆ ಕತ್ತಲೆ,
ಕಡ್ಡಿ ತೂರಿಸಿದರೆ ಕಂಬಿಗೇ ತಾಗುತ್ತಿತ್ತು.
ನಮ್ಮ ಕಸುಬಿನಲ್ಲಿ ಇದಕ್ಕೆ ಜೇನುಗೂಡು ಅನ್ನುತ್ತಾರೆ.
ಜೇನಿಲ್ಲ ಅಷ್ಟೆ.

"ಒಡೀರಿ" ಅಂದೆ.
ದನಿ ನನ್ನದೇ ಅಂತ ನಂಬೋಕೆ ತುಸು ಹೊತ್ತು ಹಿಡಿಯಿತು.

ಕಂಟ್ರಾಕ್ಟರ್ ಪಿಳ್ಳಪ್ಪ ಬುಲೆಟ್ಟಿನಲ್ಲಿ ಬಂದರು.
ಬೈಯಲಿಲ್ಲ. ಅದೇ ಕಷ್ಟ.
ಎಳನೀರು ಕೊಡಿಸಿ "ನಿಮ್ಮಪ್ಪ ಯಾರಮ್ಮ" ಅಂದರು,
"ಮುನಿಲಕ್ಷ್ಮಿ ಅಂತ ಹೆಸರಿಟ್ಟರೆ ಇಷ್ಟೊಂದು ಮುನಿಸಾ" ಅಂತ ನಕ್ಕರು,
"ಗ್ರೌಟ್ ಹಾಕಿ ಮುಚ್ಚಿದರೆ ದೇವರಿಗೂ ಕಾಣಲ್ಲ."
ಎಳನೀರು ಕುಡಿದೆ. ಬಾಯಾರಿತ್ತು.
ಆಮೇಲೆ ಪುಸ್ತಕದಲ್ಲಿ ಬರೆದೆ: ಸಿ-ಹನ್ನೊಂದು, ತಿರಸ್ಕೃತ.
ಕೈ ನಡುಗಿ 'ಸ್ಕೃ' ಎರಡು ಸಲ ತಿದ್ದಿದೆ.

ಒಡೆಯಲು ಎರಡು ದಿನ. ಮತ್ತೆ ಸುರಿಯಲು ಒಂದು ರಾತ್ರಿ.
ವೈಬ್ರೇಟರ್ ಸೂಜಿ ಎಲ್ಲಿ ಇಳಿಯಿತು, ಎಷ್ಟು ಎಣಿಸಿದ ಮೇಲೆ ಎದ್ದಿತು,
ಏಣಿ ಹಿಡಿದು ನಿಂತು ನೋಡಿದೆ.
ನೂರ್‌ಜಾನ್ ಬೀ ಚಹಾ ಕಳಿಸಿದಳು, ಏಳು ಲೋಟ.
ಮೇಸ್ತ್ರಿಯದು ಮುಟ್ಟದೆ ಆರಿಹೋಯಿತು.
ನಾಲ್ಕು ದಿನ ಅವನು ಪಾಪ ಅನ್ನಲಿಲ್ಲ. ಏನೂ ಅನ್ನಲಿಲ್ಲ.
ಐದನೆಯ ದಿನ ಹನ್ನೆರಡನೇ ಕಂಬ ಬಿಚ್ಚಿ,
ಏನೂ ಬಳಿಯದೆ ಹಾಗೇ ಬಿಟ್ಟು
ಹುಡುಗನ ಕೈಲಿ ನನಗೆ ಸುತ್ತಿಗೆ ಕಳಿಸಿದ.

ರಾತ್ರಿ ಅಮ್ಮ, ಮುದ್ದೆ ಮುರಿಯುತ್ತ:
"ಅಲ್ಲಿ ನಿಂದೇನೆ ಕೆಲಸ?"
"ಬಡಿದು ಕೇಳೋದು."
"ಕೇಳೋಕೂ ಸಂಬಳ ಕೊಡ್ತಾರಾ?"
"ಹದಿನಾಲ್ಕು ಸಾವಿರ."
ಅವಳು ತನ್ನ ಬಿಳಿಚಿದ ಬೆರಳು ನೋಡಿಕೊಂಡು
ಏನೋ ಲೆಕ್ಕ ಹಾಕಿ, ಬಿಟ್ಟಳು.

ಅವಳಿಗೆ ಹೇಳದೆ ಉಳಿದದ್ದು ಒಂದಿದೆ.
ಏಳನೆಯ ಕಂಬ ನನ್ನ ಮೊದಲ ವಾರದ್ದು.
ನಯ ಕಂಡು, ಚಂದ ಕಂಡು, ಸಹಿ ಹಾಕಿದ್ದೆ.
ಈಗ ಅದಕ್ಕೆ ಗಾರೆ ಮೆತ್ತಿದೆ, ಎರಡೂ ಕಡೆ ಗೋಡೆ ತಬ್ಬಿದೆ,
ಬಡಿದರೆ ಗೋಡೆಯೇ ಓಗೊಡುತ್ತದೆ.
ದಿನಾ ಅದರ ಮುಂದೆ ದಾಟುವಾಗ
ಬೂಟಿನ ಸದ್ದು ತಗ್ಗಿಸಿ ನಡೆಯುತ್ತೇನೆ,
ಅದು ಏನಾದರೂ ಅಂದೀತು ಎಂದು.